ಚಳಿಗಾಲದ ಮಾಲ್ಟಾಗೆ ಮನೆಮಂದಿಯೊಂದಿಗೆ: ತಿಂಗಳು ಆರಿಸುವುದರಿಂದ ಬ್ಯಾಗ್ ಕಟ್ಟುವವರೆಗೆ

ಯುರೋಪಿನ ಪುಟ್ಟ ದ್ವೀಪ ದೇಶ ಮಾಲ್ಟಾವನ್ನು ಹುಡುಕಿದರೆ ಮೊಬೈಲ್ ತುಂಬಾ ನೀಲಿ ನೀರು, ದೋಣಿ, ಈಜುವ ಜನ. ಅದು ಜುಲೈ, ಆಗಸ್ಟ್ ತಿಂಗಳ ಮಾಲ್ಟಾ. ಆಗ ಮಧ್ಯಾಹ್ನದ ಬಿಸಿಲು 32 ಡಿಗ್ರಿ ದಾಟುತ್ತದೆ, ಹೋಟೆಲ್ ಬಾಡಿಗೆ ಕೈ ಕಚ್ಚುತ್ತದೆ. ನೆರಳಿಲ್ಲದ ಕಲ್ಲು ಬೀದಿಗಳಲ್ಲಿ ಮಕ್ಕಳೂ ವಯಸ್ಸಾದವರೂ ಅರ್ಧ ಗಂಟೆಗೇ ಸುಸ್ತಾಗುತ್ತಾರೆ. ಅಲ್ಲದೆ ಈಜೋಕೆ ಅಂತ ನಾವು ಅಷ್ಟು ದೂರ ಹೋಗಬೇಕಿಲ್ಲ ಅಲ್ವಾ? ನಮ್ಮದೇ ಕರಾವಳಿ ಇದೆ.

ಅದಕ್ಕೇ ನನ್ನ ಸಲಹೆ ಇಷ್ಟು: ಕಡಲಿನ ಆಸೆ ಬಿಟ್ಟು ಕಲ್ಲು ನೋಡಲು ಮಾಲ್ಟಾಗೆ ಹೋಗಿ. ಈಜಿಪ್ಟಿನ ಪಿರಮಿಡ್‌ಗಳಿಗಿಂತ ಹಳೆಯ ಗುಡಿಗಳು, 1565ರ ಮುತ್ತಿಗೆಯ ನಂತರ ಕಟ್ಟಿದ ಕೋಟೆ ನಗರ, ಎರಡನೇ ಮಹಾಯುದ್ಧದ ಸುರಂಗಗಳು, ಎಲ್ಲವೂ 316 ಚದರ ಕಿಲೋಮೀಟರ್ ಜಾಗದೊಳಗೆ ಇವೆ. ಬೆಂಗಳೂರು ನಗರದ ಅರ್ಧದಷ್ಟೂ ಇಲ್ಲ ಈ ದೇಶ. ಕಲ್ಲು ನೋಡೋಕೆ ನವೆಂಬರ್‌ನಿಂದ ಮಾರ್ಚ್‌ವರೆಗಿನ ಕಾಲವೇ ಒಳ್ಳೆಯದು. ಆದರೆ ಆ ಕಾಲಕ್ಕೆ ಮೂರು ತೊಡಕುಗಳಿವೆ: ಗಾಳಿ, ಬೇಗ ಮುಗಿಯುವ ಹಗಲು, ತಣ್ಣಗಿನ ಮನೆಗಳು. ಕೆಳಗಿನ ಯೋಜನೆ ಪೂರ್ತಿ ಈ ಮೂರರ ಸುತ್ತಲೇ ಇದೆ.

ಮೊದಲು ತಿಂಗಳು ಗಟ್ಟಿ ಮಾಡಿಕೊಳ್ಳಿ

ಶಾಲೆಗೆ ಹೋಗುವ ಮಕ್ಕಳಿದ್ದರೆ ನಿಮ್ಮ ಕೈಯಲ್ಲಿರುವುದು ದಸರಾ ರಜೆ, ಕ್ರಿಸ್‌ಮಸ್ ರಜೆ ಮತ್ತು ಏಪ್ರಿಲ್. ಮೂರೂ ಬೇರೆ ಬೇರೆ ಥರ.

ದಸರಾ ಹೊತ್ತಿಗೆ, ಅಂದರೆ ಅಕ್ಟೋಬರ್‌ನಲ್ಲಿ, ಸೀಸನ್ ಪೂರ್ತಿ ಮುಗಿದಿರುವುದಿಲ್ಲ. ಸಮುದ್ರದ ನೀರು ಇನ್ನೂ ಬೆಚ್ಚಗಿರುತ್ತದೆ, ಮಕ್ಕಳು ಕಾಲು ಇಳಿಬಿಡಬಹುದು. ಮೊದಲ ಗುಡುಗು ಮಳೆಗಳೂ ಆಗಲೇ ಶುರು. ದರ ಸ್ವಲ್ಪ ಇಳಿದಿರುತ್ತದೆ, ಅಷ್ಟೇ.

ಕ್ರಿಸ್‌ಮಸ್ ರಜೆಯಲ್ಲಿ ಊರು ಚೆನ್ನಾಗಿರುತ್ತದೆ. ಬೀದಿಗಳಲ್ಲಿ ದೀಪ, ಮನೆ ಮನೆಯಲ್ಲಿ ಗೋದಲಿ. ಪಕ್ಕದಲ್ಲೇ ಇರುವ, ಇದೇ ದೇಶದ ಗೋಜೊ ದ್ವೀಪದ ಐನ್‌ಸಿಯೆಲೆಮ್ ಊರಲ್ಲಿ ಜನರೇ ವೇಷ ಹಾಕಿಕೊಂಡು ಬೆತ್ಲೆಹೆಮ್ ಊರನ್ನು ಕಟ್ಟುತ್ತಾರೆ. ಒಂದೇ ಎಚ್ಚರಿಕೆ: ಡಿಸೆಂಬರ್ 24, 25, 31 ಮತ್ತು ಜನವರಿ 1ರಂದು ಸರ್ಕಾರಿ ಮ್ಯೂಸಿಯಂ, ಪ್ರಾಚೀನ ಗುಡಿಗಳ ಬಾಗಿಲು ತೆರೆಯುವುದಿಲ್ಲ. ಎಂಟು ದಿನದ ಪ್ರವಾಸದಲ್ಲಿ ಮೂರು ದಿನ ಬಾಗಿಲು ಮುಚ್ಚಿದ್ದರೆ ಏನು ಚೆಂದ? ಆದ್ದರಿಂದ ಶಾಲೆ ಮುಗಿದ ಮರುದಿನವೇ ಹೊರಟು, ಮುಖ್ಯ ಜಾಗಗಳನ್ನೆಲ್ಲ 23ರೊಳಗೆ ನೋಡಿ ಮುಗಿಸಿ. ಹೊಸ ವರ್ಷದ ಆಸುಪಾಸಿನಲ್ಲಿ ಬಾಡಿಗೆ ಮತ್ತೆ ಏರುತ್ತದೆ, ಅದೂ ತಪ್ಪುತ್ತದೆ.

ಏಪ್ರಿಲ್ ಎರಡನೇ ವಾರದ ನಂತರ ನಮ್ಮಲ್ಲಿ ಬೇಸಿಗೆ ರಜೆ. ಅಲ್ಲಿ ಆಗ ಹಗಲು 20 ಡಿಗ್ರಿ ಆಸುಪಾಸು, ಹೊಲಗಳಲ್ಲಿ ಕಾಡು ಹೂ. ಈಸ್ಟರ್ ಯಾವ ವಾರ ಬಿದ್ದಿದೆ ನೋಡಿಕೊಂಡು ಅದಾದ ಮೇಲೆ ಹೋಗಿ.

ಮಗು ಇನ್ನೂ ಶಾಲೆಗೆ ಸೇರಿಲ್ಲ, ಜೊತೆಗೆ ಅಜ್ಜ ಅಜ್ಜಿ ಬರುತ್ತಾರೆ ಅಂದರೆ ಯೋಚನೆಯೇ ಬೇಡ: ಫೆಬ್ರವರಿ ಕೊನೆ ಅಥವಾ ಮಾರ್ಚ್. ಮಳೆ ಹಿಂದೆ ಸರಿದಿರುತ್ತದೆ, ದ್ವೀಪ ಹಸಿರಾಗಿರುತ್ತದೆ, ಜನ ಕಡಿಮೆ. ಫೆಬ್ರವರಿ 10ರಂದು ರಾಜಧಾನಿ ವಲೆಟ್ಟಾದಲ್ಲಿ ಸಂತ ಪೌಲನ ಹಡಗು ಒಡೆದ ನೆನಪಿನ ಹಬ್ಬ, ಅಂದು ಸಾರ್ವಜನಿಕ ರಜೆ. ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲ ಶುರುವಾಗುವ ಮೊದಲು ಕಾರ್ನಿವಲ್ ನಡೆಯುತ್ತದೆ. ವಲೆಟ್ಟಾದ ಕಾರ್ನಿವಲ್‌ಗೆ ಮಕ್ಕಳನ್ನು ಕರೆದುಕೊಂಡು ಹೋಗಿ. ಗೋಜೊದ ನದೂರ್ ಊರಿನದು ಬೇರೆಯೇ ಬಗೆ: ಮುಸುಕು ಹಾಕಿದ ಭಯಾನಕ ವೇಷಗಳು, ತಡರಾತ್ರಿ ಗದ್ದಲ. ಸಣ್ಣವರು ಹೆದರುತ್ತಾರೆ.

ಹವಾಮಾನದ ಅಂಕಿ ನೋಡಿ ಮೋಸ ಹೋಗಬೇಡಿ

ಜನವರಿಯಲ್ಲಿ ಹಗಲು 15-16 ಡಿಗ್ರಿ, ರಾತ್ರಿ 9-10. "ಇದೇನ್ ಮಹಾ ಚಳಿ" ಅನ್ನಿಸುತ್ತದೆ. ವರ್ಷದ ಮಳೆ ಸುಮಾರು 550 ಮಿಲಿಮೀಟರ್, ಬೆಂಗಳೂರಿಗಿಂತ ಎಷ್ಟೋ ಕಡಿಮೆ. ಆದರೆ ಅದರಲ್ಲಿ ಬಹುಪಾಲು ಅಕ್ಟೋಬರ್‌ನಿಂದ ಫೆಬ್ರವರಿಯೊಳಗೆ, ಸುರಿದರೆ ಒಮ್ಮೆಲೇ ಧೋ ಅಂತ ಸುರಿಯುತ್ತದೆ. ತಗ್ಗಿನ ರಸ್ತೆಗಳಲ್ಲಿ ನೀರು ನಿಲ್ಲುತ್ತದೆ. ಒಂದೆರಡು ಗಂಟೆ ಕಳೆದರೆ ಮತ್ತೆ ಬಿಸಿಲು.

ನಿಜವಾದ ಯಜಮಾನ ಗಾಳಿ. ವಾಯವ್ಯದಿಂದ ಬೀಸುವುದು ಮಜ್ಜಿಸ್ತ್ರಾಲ್, ಈಶಾನ್ಯದ್ದು ಗ್ರಿಗಾಲ್, ಆಗ್ನೇಯದ ತೇವ ತುಂಬಿದ ಗಾಳಿ ಶ್ಲೊಕ್. ಊರಿನವರು ಹವಾಮಾನ ಹೇಳುವಾಗ ಮಳೆಗಿಂತ ಮೊದಲು ಇವುಗಳ ಹೆಸರನ್ನೇ ತೆಗೆಯುತ್ತಾರೆ. ದೋಣಿ ಓಡುತ್ತದೋ ಇಲ್ಲವೋ, ಯಾವ ದಂಡೆಯಲ್ಲಿ ನಿಲ್ಲಬಹುದು, ಎಲ್ಲವನ್ನೂ ಗಾಳಿಯೇ ತೀರ್ಮಾನಿಸುತ್ತದೆ. ಮೊಬೈಲ್‌ನಲ್ಲಿ ಮಳೆಯ ಚಿತ್ರ ನೋಡುವ ಬದಲು ಗಾಳಿಯ ದಿಕ್ಕು, ವೇಗ ನೋಡುವ ಅಭ್ಯಾಸ ಮಾಡಿಕೊಳ್ಳಿ. ವಾಯವ್ಯದ ಗಾಳಿ ಇದ್ದ ದಿನ ದಕ್ಷಿಣ ಮತ್ತು ಪೂರ್ವದ ಊರುಗಳು ಶಾಂತವಾಗಿರುತ್ತವೆ. ಶ್ಲೊಕ್ ಬೀಸಿದ ದಿನ ಉತ್ತರದ ಕಡೆ ಹೋಗಿ.

ಮೂರರಿಂದ ಆರು ತಿಂಗಳು ಮೊದಲು: ವೀಸಾ

ಮಾಲ್ಟಾ 2007ರ ಡಿಸೆಂಬರ್‌ನಿಂದ ಶೆಂಗೆನ್ ವಲಯದಲ್ಲಿದೆ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿನಲ್ಲಿ. ಹಾಗಾಗಿ ಬೇಕಾಗಿರುವುದು ಶೆಂಗೆನ್ ವೀಸಾ. ಪ್ರಯಾಣಕ್ಕೆ ಆರು ತಿಂಗಳು ಇರುವಾಗಿನಿಂದ ಅರ್ಜಿ ಹಾಕಬಹುದು, ತೀರಾ ಕಡೆಯ ಗಡುವು 15 ದಿನ ಮೊದಲು. ಅರ್ಜಿ ಪರಿಶೀಲನೆಗೆ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45 ದಿನದವರೆಗೂ ಎಳೆಯುತ್ತದೆ. ಆದ್ದರಿಂದ ಎರಡು ತಿಂಗಳಾದರೂ ಕೈಯಲ್ಲಿ ಇಟ್ಟುಕೊಳ್ಳಿ.

2024ರ ಜೂನ್‌ನಿಂದ ವೀಸಾ ಶುಲ್ಕ ದೊಡ್ಡವರಿಗೆ 90 ಯೂರೋ, 6 ತುಂಬಿ 12 ತುಂಬದ ಮಕ್ಕಳಿಗೆ 45 ಯೂರೋ, 6ಕ್ಕಿಂತ ಚಿಕ್ಕವರಿಗೆ ಶುಲ್ಕವಿಲ್ಲ. ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. 12ರೊಳಗಿನ ಮಕ್ಕಳ ಬೆರಳಚ್ಚು ತೆಗೆಯುವುದಿಲ್ಲ. ಪಾಸ್‌ಪೋರ್ಟ್ ಕಳೆದ 10 ವರ್ಷದೊಳಗೆ ಕೊಟ್ಟದ್ದಾಗಿರಬೇಕು, ವಾಪಸಾಗುವ ದಿನದ ನಂತರ ಮೂರು ತಿಂಗಳಾದರೂ ಚಾಲ್ತಿಯಲ್ಲಿರಬೇಕು, ಎರಡು ಖಾಲಿ ಪುಟ ಇರಬೇಕು. ಮಕ್ಕಳ ಪಾಸ್‌ಪೋರ್ಟ್ ಐದೇ ವರ್ಷದ್ದು ಅನ್ನುವುದನ್ನು ಮರೆತು ಕಡೆ ಗಳಿಗೆಯಲ್ಲಿ ಓಡಾಡುವ ಮನೆಗಳು ಬೇಕಾದಷ್ಟಿವೆ. ಮೊದಲು ಅದನ್ನೇ ತೆಗೆದು ನೋಡಿ.

ಪ್ರಯಾಣ ವಿಮೆ ಕನಿಷ್ಠ 30,000 ಯೂರೋ ಮೊತ್ತದ್ದು ಬೇಕು. ಹಿರಿಯರಿಗೆ ವಿಮೆ ಮಾಡಿಸುವಾಗ ಅವರ ಬಿಪಿ, ಶುಗರ್ ಇದ್ದದ್ದು ಇದ್ದ ಹಾಗೆ ಬರೆಸಿ. ಮುಚ್ಚಿಟ್ಟರೆ ಬೇಕಾದಾಗ ಆ ವಿಮೆ ಕೆಲಸಕ್ಕೆ ಬರದೆ ಹೋಗಬಹುದು. ಉಳಿದಂತೆ ಬ್ಯಾಂಕ್ ಸ್ಟೇಟ್‌ಮೆಂಟ್, ಐಟಿ ರಿಟರ್ನ್ಸ್, ಆಫೀಸಿನ ರಜೆ ಪತ್ರ, ಶಾಲೆಯ ಪತ್ರ, ಮಕ್ಕಳ ಜನನ ಪ್ರಮಾಣಪತ್ರ. ತಂದೆ ತಾಯಿಯಲ್ಲಿ ಒಬ್ಬರೇ ಮಗುವನ್ನು ಕರೆದುಕೊಂಡು ಹೋಗುವುದಾದರೆ ಇನ್ನೊಬ್ಬರ ಒಪ್ಪಿಗೆ ಪತ್ರ ನೋಟರಿ ಮಾಡಿಸಿ. ಅಪ್ಪ ಅಮ್ಮನ ಖರ್ಚು ನೀವು ನೋಡಿಕೊಳ್ಳುತ್ತಿದ್ದರೆ ಅದನ್ನು ಪತ್ರದಲ್ಲಿ ಸ್ಪಷ್ಟವಾಗಿ ಬರೆದು, ಅವರ ಪಿಂಚಣಿ ಕಾಗದ ಇದ್ದರೆ ಅದನ್ನೂ ಲಗತ್ತಿಸಿ.

ವೀಸಾ ಕೈಗೆ ಬರುವ ತನಕ ಹಣ ವಾಪಸ್ ಬರದ ಯಾವ ಬುಕಿಂಗ್ ಕೂಡ ಬೇಡ. ಆಫ್ ಸೀಸನ್‌ನಲ್ಲಿ ರದ್ದು ಮಾಡಬಹುದಾದ ರೂಮುಗಳು ಧಾರಾಳವಾಗಿ ಸಿಗುತ್ತವೆ, ಅದೇ ಈ ಕಾಲದ ಅನುಕೂಲ.

ವಿಮಾನ

ಬೆಂಗಳೂರಿನಿಂದ ನೇರ ವಿಮಾನ ಇಲ್ಲ. ದುಬೈ ಅಥವಾ ಫ್ರಾಂಕ್‌ಫರ್ಟ್‌ನಂಥ ಜಾಗದಲ್ಲಿ ಬದಲಾಯಿಸಬೇಕು. ಶೆಂಗೆನ್ ವಲಯದ ಊರಲ್ಲಿ ಬದಲಾಯಿಸಿದರೆ ವಲಯದ ಪ್ರವೇಶದ ತಪಾಸಣೆ ಅಲ್ಲೇ ನಡೆಯುತ್ತದೆ, ಮಾಲ್ಟಾದಲ್ಲಿ ಅಲ್ಲ. 2025ರ ಅಕ್ಟೋಬರ್‌ನಿಂದ ಗಡಿಯಲ್ಲಿ ಫೋಟೊ, ಬೆರಳಚ್ಚು ದಾಖಲಿಸುವ ಹೊಸ ವ್ಯವಸ್ಥೆ ಶುರುವಾಗಿದೆ, ಸಾಲು ನಿಧಾನ ಸಾಗಬಹುದು. ಮಕ್ಕಳು, ಹಿರಿಯರು ಇರುವಾಗ ಮೂರು ಗಂಟೆಗಿಂತ ಕಡಿಮೆ ಬಿಡುವಿನ ಟಿಕೆಟ್ ಎಷ್ಟೇ ಅಗ್ಗವಿದ್ದರೂ ಬೇಡ. ಇನ್ನೊಂದು ಮಾತು: ಡಿಸೆಂಬರ್, ಜನವರಿಯ ಬೆಳಗಿನ ಜಾವ ನಮ್ಮ ದೇವನಹಳ್ಳಿಯಲ್ಲೇ ಮಂಜು ಕವಿದು ವಿಮಾನಗಳು ತಡವಾಗುತ್ತವೆ. ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಎಲ್ಲಿ ಉಳಿಯಬೇಕು, ಏನು ಕೇಳಬೇಕು

ದ್ವೀಪ ಇಷ್ಟು ಚಿಕ್ಕದಿರುವಾಗ ಮೂರು ಊರಲ್ಲಿ ಮೂರು ರೂಮ್ ಮಾಡುವುದು ಸುಮ್ನೆ ಗಡಿಬಿಡಿ. ಒಂದೇ ಕಡೆ ಉಳಿಯಿರಿ. ವಲೆಟ್ಟಾದಲ್ಲಿ ಉಳಿದರೆ ಬಾಗಿಲು ತೆರೆದರೆ ಇತಿಹಾಸ. ಆದರೆ ಅದು ದಿಬ್ಬದ ಮೇಲೆ ಕಟ್ಟಿದ ಊರು. ಮುಖ್ಯ ಬೀದಿ ಮಟ್ಟಸ, ಅಡ್ಡ ಬೀದಿಗಳು ಕಡಿದಾದ ಮೆಟ್ಟಿಲು. ಮಂಡಿ ನೋವಿನ ಅಮ್ಮನಿಗೆ, ಸ್ಟ್ರಾಲರ್‌ನಲ್ಲಿ ಕೂರುವ ಮಗುವಿಗೆ ಕಷ್ಟ. ಹಳೆಯ ಮನೆಗಳಲ್ಲಿ ಲಿಫ್ಟ್ ಇರುವುದೂ ಅಪರೂಪ. ಅಂಥವರಿಗೆ ಎದುರು ದಂಡೆಯ ಸ್ಲೀಮಾ ವಾಸಿ. ಸಮುದ್ರದ ಪಕ್ಕ ಉದ್ದಕ್ಕೂ ಮಟ್ಟಸವಾದ ಕಾಲುದಾರಿ, ಅಂಗಡಿಗಳು, ವಲೆಟ್ಟಾಗೆ ಹತ್ತು ನಿಮಿಷದ ದೋಣಿ. ಗಾಳಿ ಜೋರಾದ ದಿನ ದೋಣಿ ನಿಲ್ಲುತ್ತದೆ, ಆಗ ಬಸ್ಸು.

ಈಗ ಮುಖ್ಯ ವಿಷಯ. ಮಾಲ್ಟಾದ ಹಳೆಯ ಮನೆಗಳು ಸುಣ್ಣಕಲ್ಲಿನವು, ಬೇಸಿಗೆಗೆ ಅಂತ ಕಟ್ಟಿದವು. ಯುರೋಪಿನ ಉಳಿದ ಕಡೆ ಇರುವಂಥ ಇಡೀ ಮನೆಯನ್ನು ಬೆಚ್ಚಗಿಡುವ ವ್ಯವಸ್ಥೆ ಇಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಚಳಿಗಾಲದಲ್ಲಿ ಗೋಡೆ ತೇವ ಹಿಡಿಯುತ್ತದೆ, ಹಾಸಿಗೆ ಮುಟ್ಟಿದರೆ ಒದ್ದೆಯಾದಂತೆ ಅನ್ನಿಸುತ್ತದೆ, ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಹೊರಗಿಗಿಂತ ಒಳಗೇ ಚಳಿ ಜಾಸ್ತಿ! ಬುಕ್ ಮಾಡುವ ಮೊದಲು ಮನೆಯವರಿಗೆ ಮೆಸೇಜ್ ಹಾಕಿ ಇಷ್ಟು ಕೇಳಿ:

- ಪ್ರತಿ ಮಲಗುವ ಕೋಣೆಯಲ್ಲೂ ಬಿಸಿಗಾಳಿ ಕೊಡುವ ಎಸಿ ಇದೆಯೇ, ಅಥವಾ ಹಾಲ್‌ನಲ್ಲಿ ಮಾತ್ರವೇ?
- ಕರೆಂಟ್ ಬಿಲ್ ಬಾಡಿಗೆಯಲ್ಲೇ ಸೇರಿದೆಯೇ?
- ತೇವ ಹೀರುವ ಯಂತ್ರ, ಬಟ್ಟೆ ಒಣಗಿಸುವ ಯಂತ್ರ ಇದೆಯೇ?
- ಲಿಫ್ಟ್ ಇದೆಯೇ, ಬೀದಿಯಿಂದ ಬಾಗಿಲಿಗೆ ಎಷ್ಟು ಮೆಟ್ಟಿಲು?

ಗೋಜೊದ ಹಳೆಯ ಕಲ್ಲು ತೋಟದ ಮನೆಗಳು ಫೋಟೊದಲ್ಲಿ ಮನಸ್ಸು ಸೆಳೆಯುತ್ತವೆ. ಮೇ ತಿಂಗಳಿಗೆ ಸರಿ. ಜನವರಿಯಲ್ಲಿ ಅಷ್ಟು ದೊಡ್ಡ ಮನೆ ಬೆಚ್ಚಗಾಗುವುದೇ ಇಲ್ಲ.

ಎರಡು ತಿಂಗಳು ಮೊದಲು: ಹೈಪೋಜಿಯಂ ಟಿಕೆಟ್

ಆಫ್ ಸೀಸನ್ ಅಲ್ವಾ, ಹೋಗಿ ನಿಂತರೆ ಟಿಕೆಟ್ ಸಿಗುತ್ತದೆ ಅನ್ನುವ ಮಾತು ಒಂದು ಜಾಗಕ್ಕೆ ಮಾತ್ರ ಅನ್ವಯಿಸುವುದಿಲ್ಲ. ಅದು ಪಾವ್ಲಾ ಊರಿನ ಹಾಲ್ ಸಫ್ಲಿಯೇನಿ ಹೈಪೋಜಿಯಂ. 1902ರಲ್ಲಿ ಮನೆ ಕಟ್ಟುವವರು ನೀರಿನ ತೊಟ್ಟಿಗೆ ಅಂತ ನೆಲ ಅಗೆಯುವಾಗ ಸಿಕ್ಕಿದ ನೆಲದಡಿಯ ಸಮಾಧಿ ಗುಡಿ. ಬಂಡೆಯನ್ನು ಮೂರು ಅಂತಸ್ತು ಕೆಳಕ್ಕೆ ಕೊರೆದಿದ್ದಾರೆ, ಅದೂ ಲೋಹದ ಉಪಕರಣಗಳೇ ಇಲ್ಲದ ಕಾಲದಲ್ಲಿ. ಸುಮಾರು 7,000 ಜನರ ಮೂಳೆಗಳು ಇಲ್ಲಿದ್ದವು ಅನ್ನುವುದು ತಜ್ಞರ ಅಂದಾಜು. ಒಂದು ಕೋಣೆಯಲ್ಲಿ ಗೋಡೆಯ ಗೂಡಿಗೆ ಬಾಯಿಟ್ಟು ದಪ್ಪ ದನಿಯಲ್ಲಿ ಮಾತಾಡಿದರೆ ಇಡೀ ನೆಲಮಾಳಿಗೆ ಗುಂಯ್‌ಗುಡುತ್ತದೆ.

ಜನರ ಉಸಿರಿನ ತೇವದಿಂದ ಒಳಗಿನ ಕೆಂಪು ಬಣ್ಣದ ಚಿತ್ರಗಳು ಹಾಳಾಗುತ್ತವೆ ಅಂತ ಒಂದು ಸುತ್ತಿಗೆ 10 ಜನರನ್ನು ಮಾತ್ರ ಬಿಡುತ್ತಾರೆ. ಹಾಗಾಗಿ ಚಳಿಗಾಲದಲ್ಲೂ ವಾರಗಟ್ಟಲೆ ಮೊದಲೇ ಟಿಕೆಟ್ ಖಾಲಿ. ವೀಸಾ ಬಂದ ದಿನವೇ ಇದನ್ನು ಬುಕ್ ಮಾಡಿ, ಉಳಿದ ದಿನಗಳನ್ನು ಇದರ ಸುತ್ತ ಜೋಡಿಸಿ. ಆರು ವರ್ಷದೊಳಗಿನ ಮಕ್ಕಳಿಗೆ ಒಳಗೆ ಪ್ರವೇಶ ಇಲ್ಲ. ಚಿಕ್ಕ ಮಗು ಇದ್ದರೆ ಗಂಡ ಹೆಂಡತಿ ಬೇರೆ ಬೇರೆ ಹೊತ್ತಿನ ಟಿಕೆಟ್ ತೆಗೆದುಕೊಳ್ಳಿ. ಒಬ್ಬರು ಒಳಗಿರುವಾಗ ಇನ್ನೊಬ್ಬರು ಮಗುವಿನೊಂದಿಗೆ ನಡೆದು ಹೋಗುವಷ್ಟು ಹತ್ತಿರದ ತರ್ಶೀನ್ ಗುಡಿಗಳನ್ನು ನೋಡಬಹುದು.

ಉಳಿದ ಸರ್ಕಾರಿ ಜಾಗಗಳಿಗೆ ಹೆರಿಟೇಜ್ ಮಾಲ್ಟಾ ಸಂಸ್ಥೆಯ ಒಟ್ಟು ಪಾಸ್ ಇದೆ. ನಾಲ್ಕೈದು ಕಡೆ ಹೋಗುವುದಾದರೆ ಪಾಸ್ ಲಾಭ, ಎರಡೇ ಕಡೆಯಾದರೆ ಬಿಡಿ ಟಿಕೆಟ್. ಪಾಸ್‌ನಲ್ಲಿ ಹೈಪೋಜಿಯಂ ಸೇರಿಲ್ಲ, ಸಂತ ಜಾನರ ಕೆಥೆಡ್ರಲ್ ಕೂಡ ಬೇರೆ. ಡಿಸೆಂಬರ್ 21ರ ಆಸುಪಾಸು ಅಥವಾ ಮಾರ್ಚ್ 20ರ ಆಸುಪಾಸು ಅಲ್ಲಿರುತ್ತೀರಾದರೆ ಮ್ನಾಯ್ದ್ರಾ ಗುಡಿಯ ಸೂರ್ಯೋದಯ ಕಾರ್ಯಕ್ರಮ ಇದೆಯೇ ಅಂತ ಇದೇ ಸಂಸ್ಥೆಯ ಪುಟದಲ್ಲಿ ನೋಡಿ. ಹಗಲು ರಾತ್ರಿ ಸಮ ಇರುವ ದಿನ ಸೂರ್ಯನ ಮೊದಲ ಕಿರಣ ಬಾಗಿಲಿನಿಂದ ನೇರ ಒಳಗಿನವರೆಗೂ ಹೋಗುತ್ತದೆ. ಚಳಿಗಾಲದ ಅತಿ ಚಿಕ್ಕ ಹಗಲಿನಂದು ಅದು ಬಾಗಿಲ ಪಕ್ಕದ ಕಲ್ಲಿನ ಅಂಚಿಗೆ ಬಡಿಯುತ್ತದೆ.

ದಿನದ ಲೆಕ್ಕ: ಎರಡು ಪಟ್ಟಿ

ಡಿಸೆಂಬರ್‌ನಲ್ಲಿ ಸಂಜೆ ಐದಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ಗುಡಿ, ಮ್ಯೂಸಿಯಂಗಳೂ ಆ ಹೊತ್ತಿಗೆ ಮುಚ್ಚುವವೇ. ಇನ್ನೊಂದು ಕಡೆ, ಚಳಿಗಾಲದಲ್ಲಿ ನಮಗಿಂತ ಅಲ್ಲಿನ ಗಡಿಯಾರ ನಾಲ್ಕೂವರೆ ಗಂಟೆ ಹಿಂದೆ. ಮೊದಲ ಒಂದೆರಡು ದಿನ ಮಕ್ಕಳು ಬೆಳಗಿನ ಜಾವ ಮೂರಕ್ಕೇ ಎದ್ದು "ಅಮ್ಮಾ, ತಿಂಡಿ" ಅನ್ನುತ್ತಾರೆ. ಇದನ್ನು ತಡೆಯಲು ಹೋಗಬೇಡಿ, ಬಳಸಿಕೊಳ್ಳಿ. ಬೇಗ ತಿಂಡಿ ಮುಗಿಸಿ, ಬಾಗಿಲು ತೆರೆಯುವ ಹೊತ್ತಿಗೆ ಸರಿಯಾಗಿ ಅಲ್ಲಿರಿ. ದಿನಕ್ಕೆ ಬೆಳಿಗ್ಗೆ ಒಂದು ದೊಡ್ಡ ಜಾಗ, ಮಧ್ಯಾಹ್ನ ಒಂದು ಚಿಕ್ಕದು, ಸಾಕು.

ಕ್ಯಾಲೆಂಡರ್‌ನಲ್ಲಿ ಸೋಮವಾರ ಇಲ್ಲಿ, ಮಂಗಳವಾರ ಅಲ್ಲಿ ಅಂತ ಬರೆದಿಡಬೇಡಿ. ಹೈಪೋಜಿಯಂ ಒಂದಕ್ಕೆ ದಿನ ಕಟ್ಟಿಕೊಂಡರೆ ಸಾಕು. ಉಳಿದದ್ದಕ್ಕೆ ಒಣ ದಿನದ ಪಟ್ಟಿ, ಒದ್ದೆ ದಿನದ ಪಟ್ಟಿ ಅಂತ ಎರಡು ಮಾಡಿ. ಹಿಂದಿನ ರಾತ್ರಿ ಗಾಳಿ ನೋಡಿ ಯಾವ ಪಟ್ಟಿಯಿಂದ ಆರಿಸುವುದು ಅಂತ ತೀರ್ಮಾನಿಸಿ.

ಒಣ ದಿನದ ಪಟ್ಟಿಯಲ್ಲಿ ಮೊದಲು ಹಜಾರ್ ಇಮ್ ಮತ್ತು ಮ್ನಾಯ್ದ್ರಾ. ದಕ್ಷಿಣದ ಬಂಡೆಯಂಚಿನಲ್ಲಿ, ಸಮುದ್ರಕ್ಕೆ ಮುಖ ಮಾಡಿ ನಿಂತ ಗುಡಿಗಳು. ಮಳೆ ಬಿಸಿಲಿಗೆ ಕಲ್ಲು ಸವೆಯಬಾರದು ಅಂತ 2009ರಲ್ಲಿ ಮೇಲೆ ದೊಡ್ಡ ಬಿಳಿ ಚಪ್ಪರ ಹಾಕಿದ್ದಾರೆ. ಎರಡರ ನಡುವೆ ಇಳಿಜಾರಿನ ಕಾಲುದಾರಿ ಇದೆ. ಬರುವಾಗ ಅದೇ ಏರು, ಹಿರಿಯರಿಗೆ ಮೊದಲೇ ಹೇಳಿ. ನಂತರ ಇಮ್ದೀನಾ, ಮುನ್ನೂರಕ್ಕಿಂತ ಕಡಿಮೆ ಜನ ವಾಸಿಸುವ ಕೋಟೆಯೂರು. ಟೂರ್ ಬಸ್‌ಗಳು ಹೊರಟ ಮೇಲೆ, ದೀಪ ಹತ್ತುವ ಹೊತ್ತಿಗೆ ಹೋದರೆ ನಿಮ್ಮ ಚಪ್ಪಲಿ ಸದ್ದು ನಿಮಗೇ ಕೇಳಿಸುತ್ತದೆ. ಭಾನುವಾರ ಬೆಳಿಗ್ಗೆಯಾದರೆ ಮಾರ್ಸಾಶ್ಲೊಕ್ ಮೀನು ಸಂತೆ. ಮೀನು ತಿನ್ನದವರೂ ಮುಂದಕ್ಕೆ ಕಣ್ಣು ಬರೆದ ಬಣ್ಣದ ದೋಣಿಗಳನ್ನು ನೋಡಲು ಹೋಗಬಹುದು.

ಒದ್ದೆ ದಿನದ ಪಟ್ಟಿಯಲ್ಲಿ ಕಲ್ಕಾರಾದ ಎಸ್‌ಪ್ಲೋರಾ ವಿಜ್ಞಾನ ಕೇಂದ್ರ, ಕಾವ್ರಾದ ಅಕ್ವೇರಿಯಂ, ವಲೆಟ್ಟಾದ ಪುರಾತತ್ವ ಮ್ಯೂಸಿಯಂ, ನೆಲದಡಿಯ ಲಾಸ್ಕಾರಿಸ್ ಯುದ್ಧ ಕೋಣೆಗಳು, ಮೋಸ್ತಾದ ಗುಮ್ಮಟದ ಚರ್ಚ್. 1942ರ ಏಪ್ರಿಲ್ 9ರಂದು ಈ ಗುಮ್ಮಟ ಸೀಳಿ ಜರ್ಮನ್ ಬಾಂಬ್ ಒಳಗೆ ಬಿತ್ತು, ಪೂಜೆಗೆ ಜನ ಸೇರಿದ್ದರು, ಬಾಂಬ್ ಸಿಡಿಯಲಿಲ್ಲ. ಅದೇ ಮಾದರಿಯ ಬಾಂಬನ್ನು ಅಲ್ಲಿ ಇಟ್ಟಿದ್ದಾರೆ. ಹುಡುಗರು ಅದರ ಮುಂದಿನಿಂದ ಕದಲುವುದಿಲ್ಲ.

ವಲೆಟ್ಟಾಗೆ ಎರಡು ದಿನ ಕೊಡಿ

ಎಲ್ಲದಕ್ಕಿಂತ ಜಾಸ್ತಿ ಹೊತ್ತು ಇಲ್ಲೇ ಕಳೆಯಿರಿ. 1565ರಲ್ಲಿ ತುರ್ಕಿಯ ಒಟ್ಟೋಮನ್ ಸೇನೆ ಬೇಸಿಗೆಯಿಡೀ ಮಾಲ್ಟಾಗೆ ಮುತ್ತಿಗೆ ಹಾಕಿ ಸೆಪ್ಟೆಂಬರ್‌ನಲ್ಲಿ ಹಿಂದೆ ಸರಿಯಿತು. ಮರುವರ್ಷವೇ, ಆಗ ಮಾಲ್ಟಾ ಆಳುತ್ತಿದ್ದ ಕ್ರೈಸ್ತ ವೀರರ ಸಂತ ಜಾನ್ ಪಂಗಡದ ಮುಖ್ಯಸ್ಥ ಲಾ ವಲೆಟ್ ಈ ಊರಿಗೆ ಅಡಿಗಲ್ಲು ಹಾಕಿದ. ಹಳೆಯ ಊರುಗಳ ಹಾಗೆ ಅಂಕುಡೊಂಕಲ್ಲ, ಗೆರೆ ಎಳೆದಂತೆ ನೇರ ಬೀದಿಗಳು. ದಾರಿ ತಪ್ಪುವ ಭಯವಿಲ್ಲ.

ಮೊದಲ ದಿನ ಬೆಳಿಗ್ಗೆ ಸಂತ ಜಾನರ ಕೆಥೆಡ್ರಲ್. ಭಾನುವಾರ ಪ್ರವಾಸಿಗರಿಗೆ ಪ್ರವೇಶ ಇಲ್ಲ. ಚೂಪು ಹಿಮ್ಮಡಿಯ ಚಪ್ಪಲಿ ಹಾಕಿದರೆ ಬಿಡುವುದಿಲ್ಲ, ಯಾಕೆಂದರೆ ನೆಲವೇ ನೋಡಬೇಕಾದ ವಸ್ತು. ಸುಮಾರು 400 ವೀರರ ಸಮಾಧಿ ಕಲ್ಲುಗಳು, ಬಣ್ಣ ಬಣ್ಣದ ಅಮೃತಶಿಲೆಯಲ್ಲಿ ಅಸ್ಥಿಪಂಜರ, ಮರಳು ಗಡಿಯಾರ, ಕುಡುಗೋಲು. ಮಕ್ಕಳಿಗೆ "ನಗುವ ಅಸ್ಥಿಪಂಜರ ಎಷ್ಟಿದೆ ಎಣಿಸಿ" ಅಂತ ಹೇಳಿಬಿಡಿ, ದೊಡ್ಡವರಿಗೆ ಅರ್ಧ ಗಂಟೆ ನೆಮ್ಮದಿ.

ಪಕ್ಕದ ಪ್ರಾರ್ಥನಾ ಕೋಣೆಯಲ್ಲಿ ಇಟಲಿಯ ಕರವಾಜ್ಜೊ 1608ರಲ್ಲಿ ಬರೆದ ಸ್ನಾನಿಕ ಜಾನನ ಶಿರಚ್ಛೇದದ ಚಿತ್ರ ಇದೆ. ಗೋಡೆಯಷ್ಟು ದೊಡ್ಡದು. ಮುಕ್ಕಾಲು ಭಾಗ ಬರೀ ಕತ್ತಲು, ಖಾಲಿ ಗೋಡೆ. ಬಲಗಡೆ ಕಿಟಕಿಯ ಸರಳಿನ ಹಿಂದೆ ಇಬ್ಬರು ಕೈದಿಗಳು ಕತ್ತು ಚಾಚಿ ನೋಡುತ್ತಿದ್ದಾರೆ. ಕೆಳಗೆ ನೆಲದಲ್ಲಿ ಹರಿದ ರಕ್ತದಲ್ಲೇ ಚಿತ್ರಕಾರ ತನ್ನ ಹೆಸರು ಬರೆದಿದ್ದಾನೆ. ರೋಮ್‌ನಲ್ಲಿ ಕೊಲೆ ಮಾಡಿ ಓಡಿ ಬಂದವನು ಇವನು. ಇಲ್ಲಿ ವೀರನ ಪದವಿ ಪಡೆದ, ಕೆಲವೇ ತಿಂಗಳಲ್ಲಿ ಜಗಳ ಮಾಡಿಕೊಂಡು ಸೆರೆಗೆ ಬಿದ್ದ, ಅಲ್ಲಿಂದಲೂ ತಪ್ಪಿಸಿಕೊಂಡ. ಅವನನ್ನು ಪಂಗಡದಿಂದ ಹೊರಹಾಕಿದ ಸಭೆ ನಡೆದದ್ದು ಇದೇ ಕೋಣೆಯಲ್ಲಿ, ಇದೇ ಚಿತ್ರದ ಮುಂದೆ. ಬೇಸಿಗೆಯಲ್ಲಿ ಈ ಚಿತ್ರದ ಮುಂದೆ ಬರೀ ತಲೆಗಳು ಕಾಣುತ್ತವೆ. ಚಳಿಗಾಲದ ಬೆಳಿಗ್ಗೆ ಬೆಂಚಿನ ಮೇಲೆ ಕೂತು ನಿಧಾನವಾಗಿ ನೋಡಬಹುದು. ನನ್ನ ಮಟ್ಟಿಗೆ ಆಫ್ ಸೀಸನ್‌ನ ದೊಡ್ಡ ಲಾಭ ಇದೇ.

ಮಧ್ಯಾಹ್ನ 12ಕ್ಕೆ ಮೇಲಿನ ಬರಾಕ್ಕಾ ಉದ್ಯಾನದ ಕೆಳಗೆ ಫಿರಂಗಿ ಹಾರಿಸುತ್ತಾರೆ. ಸದ್ದಿಗೆ ಹೆದರುವ ಮಗುವಿನ ಕಿವಿ ಮುಚ್ಚಿ. ಅಲ್ಲಿಂದ 58 ಮೀಟರ್ ಎತ್ತರದ ಲಿಫ್ಟ್ ನಿಮ್ಮನ್ನು ಬಂದರಿಗೆ ಇಳಿಸುತ್ತದೆ, ಎದುರಿನ ಬಿರ್ಗುವಿಗೆ ದೋಣಿ ಹಿಡಿಯಬಹುದು. ಎರಡನೇ ದಿನಕ್ಕೆ ಸಂತ ಎಲ್ಮೋ ಕೋಟೆ ಮತ್ತು ಅದರೊಳಗಿನ ಯುದ್ಧ ಮ್ಯೂಸಿಯಂ. 1942ರಲ್ಲಿ ಬ್ರಿಟನ್ನಿನ ದೊರೆ ಇಡೀ ದ್ವೀಪಕ್ಕೆ ಕೊಟ್ಟ ಜಾರ್ಜ್ ಕ್ರಾಸ್ ಪದಕ ಅಲ್ಲೇ ಇದೆ.

ಗೋಜೊಗೆ ಹೋಗುವ ದಿನ

ಗಾಳಿ ಇಲ್ಲದ ದಿನ ಸಿಕ್ಕ ಕೂಡಲೇ ಹೊರಡಿ. ಚಿರ್ಕೆವ್ವಾದಿಂದ ಕಾರು, ಬಸ್ಸು ಎಲ್ಲ ಹತ್ತುವ ದೊಡ್ಡ ಹಡಗು ಸುಮಾರು 25 ನಿಮಿಷದಲ್ಲಿ ಇಮ್ಜಾರ್‌ಗೆ ಮುಟ್ಟಿಸುತ್ತದೆ. ಹೋಗುವಾಗ ದುಡ್ಡು ಕೇಳುವುದಿಲ್ಲ, ಬರುವಾಗ ಕೊಡಬೇಕು. ವಲೆಟ್ಟಾದಿಂದ ಜನರಿಗೆ ಮಾತ್ರ ಇರುವ ವೇಗದ ದೋಣಿ ಇನ್ನೂ ಅನುಕೂಲ, ಆದರೆ ಅಲೆ ಎದ್ದರೆ ಅದೇ ಮೊದಲು ರದ್ದಾಗುತ್ತದೆ. ವಾಂತಿ ಸ್ವಭಾವದವರಿಗೆ ದೊಡ್ಡ ಹಡಗೇ ಸರಿ.

ಶಾರಾ ಊರಿನ ಜಿಗಂತೀಯಾ ಗುಡಿಗಳು ಸುಮಾರು 5,500 ವರ್ಷ ಹಳೆಯವು. ರಾಕ್ಷಸಿಯೊಬ್ಬಳು ಕಂಕುಳಲ್ಲಿ ಮಗು ಇಟ್ಟುಕೊಂಡೇ ಈ ಬಂಡೆಗಳನ್ನು ಹೊತ್ತು ತಂದಳು ಅಂತ ಅಲ್ಲಿನ ಕಥೆ. ನಂತರ ವಿಕ್ಟೋರಿಯಾದ ಕೋಟೆ, ಮೇಲಿನಿಂದ ಇಡೀ ದ್ವೀಪ ಕಾಣುತ್ತದೆ. ಹಳೆಯ ಫೋಟೊಗಳಲ್ಲಿ ಕಾಣುವ ಸಮುದ್ರದೊಳಗಿನ ಕಲ್ಲಿನ ಕಮಾನನ್ನು ಹುಡುಕಬೇಡಿ. 2017ರ ಮಾರ್ಚ್ 8ರ ಬಿರುಗಾಳಿಯಲ್ಲಿ ಅದು ಕುಸಿದು ಹೋಯಿತು. ಹೇಳಿದೆನಲ್ಲ, ಗಾಳಿಯೇ ಯಜಮಾನ. ಉಪ್ಪಿನ ಮಡಿಗಳ ಬಳಿ, ಬಂಡೆಯಂಚಿನಲ್ಲಿ ಅಲೆ ನೋಡಲು ಮುಂದೆ ಮುಂದೆ ಹೋಗುವುದು ಬೇಡ. ಒದ್ದೆ ಬಂಡೆ ಕಂಡರೆ ಅಲೆ ಅಲ್ಲಿವರೆಗೆ ಬರುತ್ತದೆ ಅಂತಲೇ ಅರ್ಥ.

ಓಡಾಟ, ಊಟ, ಬ್ಯಾಗು

ಮಾಲ್ಟಾದಲ್ಲಿ ನಮ್ಮ ಹಾಗೇ ಎಡಗಡೆ ಗಾಡಿ ಓಡಿಸುತ್ತಾರೆ. ಆದರೂ ಬಾಡಿಗೆ ಕಾರು ಬೇಡ ಅನ್ನುತ್ತೇನೆ: ಕಿರಿದಾದ ಬೀದಿ, ಪಾರ್ಕಿಂಗ್ ತಲೆಬಿಸಿ. ಬಹುತೇಕ ಬಸ್‌ಗಳು ವಲೆಟ್ಟಾ ಕೋಟೆ ಬಾಗಿಲ ಹೊರಗಿನ ನಿಲ್ದಾಣದಿಂದ ಹೊರಡುತ್ತವೆ. ಸಂಜೆ ತಡವಾದರೆ ಆ್ಯಪ್ ಟ್ಯಾಕ್ಸಿ. ಚಿಕ್ಕ ಮಗು ಇದ್ದರೆ ಮಕ್ಕಳ ಸೀಟು ಇರುವ ಗಾಡಿಯನ್ನೇ ಕೇಳಿ. ಇಂಗ್ಲಿಷ್ ಅಲ್ಲಿನ ಅಧಿಕೃತ ಭಾಷೆಗಳಲ್ಲಿ ಒಂದು, ಮಾತಿಗೆ ಕಷ್ಟವಿಲ್ಲ. ಬೋರ್ಡ್ ಓದುವಾಗ ಮಾತ್ರ ಎಕ್ಸ್ ಕಂಡರೆ ಶ, ಜೆ ಕಂಡರೆ ಯ ಅಂದುಕೊಳ್ಳಿ.

ಸಸ್ಯಾಹಾರಿಗಳು ಉಪವಾಸ ಬೀಳುವುದಿಲ್ಲ. ಬಟಾಣಿ ಅಥವಾ ರಿಕೋಟಾ ಚೀಸ್ ತುಂಬಿದ ಪದರ ಪದರದ ಪಸ್ತೀಟ್ಸಿ ಬೀದಿ ಬೀದಿಯಲ್ಲಿ ಸಿಗುತ್ತದೆ. ಹಿಟ್ಟಿಗೆ ಹಂದಿ ಕೊಬ್ಬು ಹಾಕಿದ್ದಾರೆಯೇ ಅಂತ ಕೇಳಿ ತಿನ್ನಿ. ಬೆಳ್ಳುಳ್ಳಿ ಹಾಕಿ ರುಬ್ಬಿದ ಅವರೆ ಜಾತಿಯ ಕಾಳಿನ ಬಿಗಿಲ್ಲಾ ನಮ್ಮ ನಾಲಿಗೆಗೆ ಹಿಡಿಸುತ್ತದೆ. ಎಣ್ಣೆ, ಟೊಮೆಟೊ ಸವರಿದ ಬ್ರೆಡ್ ತೆಗೆದುಕೊಳ್ಳುವಾಗ ಟ್ಯೂನಾ ಮೀನು ಬೇಡ ಅಂತ ಮೊದಲೇ ಹೇಳಿ. ಖರ್ಜೂರ ತುಂಬಿ ಕರಿದ ಇಮ್‌ಆರೆಟ್ ಬಿಸಿ ಬಿಸಿ ಸಿಕ್ಕರೆ ಬಿಡಬೇಡಿ, ನಮ್ಮ ಕರ್ಜಿಕಾಯಿಯ ದೂರದ ನೆಂಟ. ದೊಡ್ಡ ಊರುಗಳಲ್ಲಿ ಭಾರತೀಯ ಹೋಟೆಲ್, ದಿನಸಿ ಅಂಗಡಿಗಳೂ ಇವೆ.

ಮನೆಯಿಂದ ಅವಲಕ್ಕಿ, ಚಟ್ನಿಪುಡಿ, ಉಪ್ಪಿಟ್ಟಿನ ಮಿಕ್ಸ್ ಒಯ್ಯಿರಿ. ತುಪ್ಪ, ಪೇಡದಂಥ ಹಾಲಿನ ಪದಾರ್ಥ ಮತ್ತು ಹಸಿ ಕರಿಬೇವು ಬೇಡ. ಯುರೋಪಿಯನ್ ಒಕ್ಕೂಟದ ನಿಯಮದಲ್ಲಿ ಹೊರಗಿನಿಂದ ಬರುವ ಪ್ರಯಾಣಿಕರು ಹಾಲು, ಮಾಂಸದ ಪದಾರ್ಥ ತರುವಂತಿಲ್ಲ, ಹಸಿ ಸೊಪ್ಪಿಗೆ ಪ್ರಮಾಣಪತ್ರ ಬೇಕು.

ಬ್ಯಾಗಿಗೆ ದಪ್ಪ ಕೋಟಿಗಿಂತ ಗಾಳಿ ತಡೆಯುವ ಜಾಕೆಟ್, ಒಳಗೆ ಪದರ ಪದರವಾಗಿ ಬಟ್ಟೆ, ರಾತ್ರಿಗೆ ಥರ್ಮಲ್, ಮನೆಯೊಳಗೆ ಹಾಕಲು ಉಣ್ಣೆ ಕಾಲುಚೀಲ. ಕೊಡೆ ಬೇಡ, ಮೊದಲ ಗಾಳಿಗೇ ತಿರುಗಿ ಮುರಿಯುತ್ತದೆ. ರೇನ್‌ಕೋಟ್ ತನ್ನಿ. ನೂರಾರು ವರ್ಷ ಜನ ನಡೆದು ನುಣುಪಾದ ಸುಣ್ಣಕಲ್ಲಿನ ಬೀದಿ ಒದ್ದೆಯಾದರೆ ಜಾರುತ್ತದೆ. ಹಿಡಿತ ಇರುವ ಶೂ ಎಲ್ಲರಿಗೂ ಬೇಕು, ಅಜ್ಜಿಗೂ. ಪ್ಲಗ್ ಬ್ರಿಟನ್ ಮಾದರಿಯ ಚೌಕ ಮೂರು ಪಿನ್, ಅಡಾಪ್ಟರ್ ಎರಡಾದರೂ ಇರಲಿ. ಮಾತ್ರೆಗಳನ್ನು ಡಾಕ್ಟರ್ ಚೀಟಿಯ ಸಮೇತ ಕೈ ಬ್ಯಾಗಿನಲ್ಲೇ ಇಡಿ. ತುರ್ತು ಸಂಖ್ಯೆ 112.

ವಾಪಸಾಗುವ ಹಿಂದಿನ ದಿನಕ್ಕೆ ಗೋಜೊ ಇಟ್ಟುಕೊಳ್ಳಬೇಡಿ, ಹಡಗು ನಿಂತರೆ ವಿಮಾನವೂ ತಪ್ಪುತ್ತದೆ. ಕೊನೆಯ ದಿನ ಸಂಜೆಯ ವಿಮಾನವಾದರೆ ವಿಮಾನ ನಿಲ್ದಾಣಕ್ಕೆ ದೂರವಿಲ್ಲದ ಆರ್ ದಲಾಮ್ ಗುಹೆಗೆ ಹೋಗಿ ಬನ್ನಿ. ಬಹು ಹಿಂದಿನ ಕಾಲದಲ್ಲಿ ಈ ದ್ವೀಪದಲ್ಲಿದ್ದ ಕುಳ್ಳ ಆನೆ, ಕುಳ್ಳ ನೀರಾನೆಗಳ ಮೂಳೆಗಳು ಅಲ್ಲಿ ಸಿಕ್ಕಿವೆ. ಸೂಟ್‌ಕೇಸ್‌ಗಳನ್ನು ಹೋಟೆಲಿನಲ್ಲಿ ಬಿಟ್ಟು ಹೋಗಬಹುದೇ ಅಂತ ಹಿಂದಿನ ರಾತ್ರಿಯೇ ಕೇಳಿಟ್ಟುಕೊಳ್ಳಿ.